ಹತ್ತು ಕಟ್ಟಿದವನ ಲೆಕ್ಕ

ಊರಿನಿಂದ ಬಂದ ನೆಂಟರನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುವುದು ಲಂಡನ್ನಿನ ಆಸುಪಾಸಿನಲ್ಲಿರುವ ಕನ್ನಡಿಗರ ಕರ್ತವ್ಯಗಳಲ್ಲೊಂದು. ಟಿಕೆಟ್ಟಿಲ್ಲ, ಒಳಗೆ ಬೆಚ್ಚಗಿರುತ್ತದೆ, ಹೊರಗೆ ಮಳೆ ಸುರಿದರೂ ದಿನ ಹಾಳಾಗುವುದಿಲ್ಲ. ಈ ಹದಿನೇಳು ವರ್ಷಗಳಲ್ಲಿ ಎಷ್ಟು ಸಲ ಹೋಗಿದ್ದೇನೋ ನೆನಪಿಲ್ಲ. ಲೆಕ್ಕ ಇಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಹೀಗೆ ಹೇಳಬಾರದು, ಆದರೂ ನಿಜ. ಒಳಗೆ ಹೊಕ್ಕವರೆಲ್ಲ ಮೊದಲು ಮುತ್ತಿಕೊಳ್ಳುವುದು ರೊಸೆಟ್ಟಾ ಶಿಲೆಯನ್ನು. ಗಾಜಿನ ಪೆಟ್ಟಿಗೆಯೊಳಗೆ ನಿಂತಿರುವ ಮೂಲೆ ಮುರಿದ ಕಪ್ಪು ಕಲ್ಲು. ಸುತ್ತಲೂ ಮೊಬೈಲು ಹಿಡಿದ ಕೈಗಳು.

ಕಲ್ಲಿನ ಕಥೆ ಬಹಳ ಜನರಿಗೆ ಗೊತ್ತು. 1799ರಲ್ಲಿ ಈಜಿಪ್ಟಿನ ರಶೀದ್ ಎಂಬ ಊರಿನ ಬಳಿ ಕೋಟೆಯ ದುರಸ್ತಿಯಲ್ಲಿ ತೊಡಗಿದ್ದ ನೆಪೋಲಿಯನ್ನನ ಸೈನಿಕರಿಗೆ ಅದು ಸಿಕ್ಕಿತು. ಫ್ರೆಂಚರು ಅಲ್ಲಿ ಸೋತಾಗ ಇಂಗ್ಲಿಷರ ಪಾಲಾಗಿ, 1802ರಲ್ಲಿ ಈ ಮ್ಯೂಸಿಯಮ್ಮಿಗೆ ಬಂತು. ಕ್ರಿ.ಪೂ. 196ರಲ್ಲಿ ಐದನೆಯ ಟಾಲೆಮಿ ಎಂಬ ಎಳೆಯ ರಾಜನ ಗೌರವಾರ್ಥ ಪುರೋಹಿತರು ಹೊರಡಿಸಿದ ಶಾಸನ ಅದರಲ್ಲಿದೆ. ರಾಜನ ಗುಣಗಾನ, ದೇವಸ್ಥಾನಗಳಿಗೆ ಅವನು ಕೊಟ್ಟ ತೆರಿಗೆ ವಿನಾಯಿತಿಗಳ ಪಟ್ಟಿ, ಇದನ್ನೆಲ್ಲ ಕಲ್ಲಿನಲ್ಲಿ ಕೊರೆಸಿ ನಿಲ್ಲಿಸತಕ್ಕದ್ದು ಎಂಬ ಅಪ್ಪಣೆ. ನಮ್ಮೂರ ದೇವಸ್ಥಾನದ ಮುಂದಿರುವ ದತ್ತಿಶಾಸನವನ್ನು ಓದಿಸಿದರೂ ಸುಮಾರಾಗಿ ಇದೇ ವಿಷಯ ಇರುತ್ತದೆ. ಈ ಕಲ್ಲಿನ ವಿಶೇಷವೆಂದರೆ ಒಂದೇ ಸಂಗತಿಯನ್ನು ಮೂರು ಬಗೆಯಲ್ಲಿ ಬರೆದಿರುವುದು. ಮೇಲೆ ಹಕ್ಕಿ, ಹಾವು, ಸಿಂಹಗಳ ಚಿತ್ರಲಿಪಿ. ನಡುವೆ ನಮ್ಮ ಹಳೆಯ ಕಡತಗಳ ಮೋಡಿಯಂತೆ ಓಡುವ ಡೆಮೋಟಿಕ್ ಬರಹ. ಕೆಳಗೆ ಗ್ರೀಕ್. ಗ್ರೀಕ್ ಓದಬಲ್ಲವರು ಆಗಲೂ ಇದ್ದರು. ಮೇಲಿನ ಎರಡನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ.

ಗೈಡುಗಳು ಇಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚನ ಹೆಸರು ಹೇಳುತ್ತಾರೆ. ಹುಡುಗನಾಗಿದ್ದಾಗಿನಿಂದ ಈಜಿಪ್ಟನ್ನೇ ಉಸಿರಾಡಿ, 1822ರಲ್ಲಿ ಆ ಲಿಪಿಯನ್ನು ಬಿಡಿಸಿದವನು. ಜೊತೆಗೆ, ಸಮಯವಿದ್ದರೆ, ಇನ್ನೊಂದು ಹೆಸರು ಬರುತ್ತದೆ: ಥಾಮಸ್ ಯಂಗ್. ಅವನ ಪಾಲಿಗೆ ಮೀಸಲಾದದ್ದು ಒಂದೇ ವಾಕ್ಯ. ಪಾಪ, ಅವನೂ ಅರ್ಧ ದಾರಿ ಹೋಗಿದ್ದ, ಇದೊಂದಕ್ಕೇ ಅಂಟಿಕೊಂಡಿದ್ದರೆ ಅವನೇ ಗೆಲ್ಲುತ್ತಿದ್ದ.

ಈ ವಾಕ್ಯ ನನಗೆ ಹೊಸದಲ್ಲ. ನನ್ನ ತಂದೆಯವರ ಬಗ್ಗೆಯೂ ಜನ ಇದನ್ನೇ ಹೇಳುತ್ತಿದ್ದರು. ಬ್ಯಾಂಕಿನ ಗುಮಾಸ್ತರಾಗಿದ್ದ ಅವರು ಸಂಜೆಯಾದರೆ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದರು, ರೇಡಿಯೊ ರಿಪೇರಿ ಮಾಡುತ್ತಿದ್ದರು, ಹಾರ್ಮೋನಿಯಂ ನುಡಿಸುತ್ತಿದ್ದರು, ಕುಮಾರವ್ಯಾಸನನ್ನು ಓದುತ್ತಿದ್ದರು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ದೊಡ್ಡವರ ವಿಷಯದಲ್ಲಿ ಹೊಗಳಿಕೆಯಾಗಿ ಬಳಸುತ್ತೇವೆ. ನಮ್ಮ ತಂದೆಯವರ ವಿಷಯದಲ್ಲಿ ನೆಂಟರು ಅದನ್ನು ನಗುವುದಕ್ಕೆ ಬಳಸುತ್ತಿದ್ದರು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಇನ್ನೊಂದು ಗಾದೆಯೂ ಆಗಾಗ ಬೀಳುತ್ತಿತ್ತು. ಈಗ ಅದೇ ಮಾತು ಇಂಗ್ಲಿಷಿನಲ್ಲಿ ನನ್ನ ಮಗಳ ತನಕ ಬಂದಿದೆ. ಅವಳಿಗೆ ಹದಿನಾರು. ಇಂಗ್ಲೆಂಡಿನಲ್ಲಿ ಆ ವಯಸ್ಸಿಗೆ ಮಕ್ಕಳು ಸಾಮಾನ್ಯವಾಗಿ ಮೂರೇ ಮೂರು ವಿಷಯ ಆರಿಸಿಕೊಂಡು, ಉಳಿದದ್ದಕ್ಕೆಲ್ಲ ಕೈಮುಗಿಯಬೇಕು. ಅವಳಿಗೆ ಭೌತಶಾಸ್ತ್ರ ಬೇಕು, ಚರಿತ್ರೆ ಬೇಕು, ಸಂಗೀತ ಬೇಕು, ಲ್ಯಾಟಿನ್ನೂ ಬೇಕು. ನಿನ್ನ ಪ್ಯಾಶನ್ ಯಾವುದು, ಅದನ್ನು ಮೊದಲು ಕಂಡುಕೋ ಎಂದು ಎಲ್ಲರೂ ಅವಳಿಗೆ ಹೇಳುತ್ತಿದ್ದಾರೆ. ಹಾಗಾಗಿ ಯಂಗನ ಲೆಕ್ಕವನ್ನು ಗೈಡಿನ ಮಾತಿನ ಮೇಲೆ ಒಪ್ಪಿಕೊಳ್ಳದೆ, ಪುಸ್ತಕ ತೆರೆದು ನೋಡೋಣವೆನಿಸಿತು.

ಯಂಗ್ ಹುಟ್ಟಿದ್ದು 1773ರಲ್ಲಿ, ಸಾಮರ್‌ಸೆಟ್ ಸೀಮೆಯ ಮಿಲ್ವರ್ಟನ್ ಎಂಬ ಹಳ್ಳಿಯಲ್ಲಿ. ಹತ್ತು ಮಕ್ಕಳಲ್ಲಿ ಹಿರಿಯವನು. ಮನೆಯವರು ಕ್ವೇಕರ್ ಪಂಥದವರು. ಸರಳ ಉಡುಪು, ಸಂಗೀತ ನೃತ್ಯ ನಿಷಿದ್ಧ. ಹುಡುಗ ಎರಡು ವರ್ಷಕ್ಕೇ ಓದಲು ಕಲಿತನಂತೆ, ನಾಲ್ಕಕ್ಕೆ ಬೈಬಲ್ ಎರಡು ಸಲ ಮುಗಿಸಿದನಂತೆ. ಇಂಥ ಬಾಲಪ್ರತಿಭೆಯ ಕಥೆಗಳನ್ನು ನಾನು ಸ್ವಲ್ಪ ಸಂಶಯದಿಂದಲೇ ಓದುತ್ತೇನೆ. ಆದರೆ ಹದಿಹರೆಯದಲ್ಲೇ ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಟಾಲಿಯನ್ ಜೊತೆ ಹೀಬ್ರೂ, ಅರಬ್ಬಿ, ಪಾರಸಿಗಳಿಗೂ ಕೈ ಹಾಕಿದ್ದನೆಂಬುದು ಅವನ ಮುಂದಿನ ಕೆಲಸ ನೋಡಿದರೆ ನಂಬುವಂತಿದೆ. ಓದಿದ್ದು ವೈದ್ಯಕೀಯ: ಲಂಡನ್, ಎಡಿನ್‌ಬರೋ, ಜರ್ಮನಿಯ ಗಟಿಂಗೆನ್, ಕೊನೆಗೆ ಕೇಂಬ್ರಿಜ್. ಗಟಿಂಗೆನ್ನಿನಲ್ಲಿ ಡಾಕ್ಟರ್ ಪದವಿಯ ಜೊತೆಗೇ ನೃತ್ಯ, ಕುದುರೆ ಸವಾರಿ, ಸಂಗೀತ, ಚಿತ್ರಕಲೆಯ ಪಾಠಗಳಿಗೂ ಸೇರಿದ. ಕ್ವೇಕರ್ ಹುಡುಗ ಹೀಗೆ ಕುಣಿಯಲು ಹೊರಟ ಮೇಲೆ ಪಂಥದ ನಂಟು ಸಡಿಲವಾಗದೆ ಇದ್ದೀತೆ.

ಇಪ್ಪತ್ತು ತುಂಬುವ ಮೊದಲೇ ಕಣ್ಣಿನ ಬಗ್ಗೆ ಅವನ ಮೊದಲ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದೆ ಓದಲಾಯಿತು. ಹತ್ತಿರದ್ದನ್ನೂ ದೂರದ್ದನ್ನೂ ಕಣ್ಣು ಹೇಗೆ ಸ್ಪಷ್ಟವಾಗಿ ನೋಡುತ್ತದೆ ಎಂಬುದು ಪ್ರಶ್ನೆ. ಕಣ್ಣೊಳಗಿನ ಮಸೂರವೇ ಆಕಾರ ಬದಲಿಸುತ್ತದೆ ಎಂದು ಅವನು ಹೇಳಿದ. ಕೆಲವು ವರ್ಷಗಳ ನಂತರ ಅದನ್ನು ತನ್ನ ಕಣ್ಣಿನ ಮೇಲೆಯೇ ಪರೀಕ್ಷಿಸಿದ. ನೀರು ತುಂಬಿದ ಪುಟ್ಟ ಕೊಳವೆಯನ್ನು ಕಣ್ಣಿಗೆ ಒತ್ತಿ ಹಿಡಿದರೆ ಹೊರಪೊರೆಯ ಬಾಗಿನ ಪ್ರಭಾವ ಇಲ್ಲವಾಗುತ್ತದೆ. ಆಗಲೂ ನೋಟವನ್ನು ಹತ್ತಿರಕ್ಕೂ ದೂರಕ್ಕೂ ಹೊಂದಿಸಿಕೊಳ್ಳಲು ಸಾಧ್ಯವಾಯಿತು, ಅಂದರೆ ಕೆಲಸ ಮಾಡುತ್ತಿರುವುದು ಒಳಗಿನ ಮಸೂರ. ಇದೇ ಪರೀಕ್ಷೆಗಳಲ್ಲಿ ತನ್ನ ಕಣ್ಣು ಅಡ್ಡಕ್ಕೂ ಉದ್ದಕ್ಕೂ ಸಮನಾಗಿ ನೋಡುತ್ತಿಲ್ಲವೆಂದು ಕಂಡುಕೊಂಡ. ಇಂದು ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆಯುವ ಅಸ್ಟಿಗ್ಮ್ಯಾಟಿಸಂ ದೋಷದ ಮೊದಲ ವಿವರಣೆ ಅದು. ನನ್ನ ಚೀಟಿಯಲ್ಲೂ ಆ ಸಂಖ್ಯೆ ಇದೆ.

ಅವನನ್ನು ದೊಡ್ಡವನನ್ನಾಗಿ ಮಾಡಿದ ಕೆಲಸ ಬೇರೆಯದು, ಅದು ಬಂದ ದಾರಿಯನ್ನು ನಿಧಾನವಾಗಿ ನೋಡಬೇಕು. ಗಟಿಂಗೆನ್ನಿನಲ್ಲಿ ಪದವಿಗಾಗಿ ಅವನು ಉಪನ್ಯಾಸ ಕೊಟ್ಟದ್ದು ಮನುಷ್ಯನ ಧ್ವನಿಯ ಬಗ್ಗೆ. ಎಲ್ಲ ಭಾಷೆಗಳ ಉಚ್ಚಾರಣೆಗೂ ಸಾಲುವಂಥ 47 ಅಕ್ಷರಗಳ ಒಂದು ವರ್ಣಮಾಲೆಯನ್ನೂ ಮಾಡಿದ. ನಮ್ಮ 49ಕ್ಕೆ ಎರಡು ಕಡಿಮೆ. ಧ್ವನಿಯಿಂದ ಶಬ್ದಕ್ಕೆ, ಶಬ್ದದಿಂದ ವಾದ್ಯಗಳ ಶ್ರುತಿಗೆ ಕುತೂಹಲ ಹರಿಯಿತು. ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದಾಗ ನಾದ ಏರುತ್ತಾ ಇಳಿಯುತ್ತಾ ಅಲುಗುವುದನ್ನು ಸಂಗೀತ ಕಲಿತವರೆಲ್ಲ ಕೇಳಿದ್ದೇವೆ. ಎರಡು ಅಲೆಗಳು ಒಮ್ಮೆ ಕೂಡಿ ಬಲವಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿಬಿಡುತ್ತವೆ. ಬೆಳಕೂ ಹೀಗೆಯೇ ಇರಬಾರದೇಕೆ ಎಂದು ಯಂಗ್ ಕೇಳಿದ. ಬೆಳಕು ಕಣಗಳ ಪ್ರವಾಹ ಎಂದು ನ್ಯೂಟನ್ ಹೇಳಿ ಸುಮಾರು ನೂರು ವರ್ಷವಾಗಿತ್ತು. ಇಂಗ್ಲೆಂಡಿನಲ್ಲಿ ಅದನ್ನು ಪ್ರಶ್ನಿಸುವವರು ಇರಲಿಲ್ಲವೆಂದೇ ಹೇಳಬೇಕು. ಯಂಗ್ ಕಿಟಕಿಯ ಬಾಗಿಲಿಗೆ ಸೂಜಿಯಷ್ಟು ತೂತು ಮಾಡಿ, ಒಳಬಂದ ಬಿಸಿಲಕೋಲಿಗೆ ಒಂದು ಇಂಚಿನ ಮೂವತ್ತನೆಯ ಒಂದು ಭಾಗದಷ್ಟು ಅಗಲದ ಕಾರ್ಡಿನ ಪಟ್ಟಿಯನ್ನು ಅಡ್ಡ ಹಿಡಿದ. ಕಾರ್ಡಿನ ನೆರಳಿನೊಳಗೆ ಬೆಳಕು ಕತ್ತಲೆಯ ಗೆರೆಗಳು ಮೂಡಿದವು. ಕಾರ್ಡಿನ ಒಂದು ಬದಿಯ ಬೆಳಕನ್ನು ಮುಚ್ಚಿದರೆ ಗೆರೆಗಳೇ ಮಾಯ! ಬೆಳಕಿಗೆ ಬೆಳಕು ಸೇರಿದರೆ ಕತ್ತಲೆಯೂ ಆಗಬಹುದು. 1803ರ ನವೆಂಬರಿನಲ್ಲಿ ಇದನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಪಿಯುಸಿಯಲ್ಲಿ ವಿಜ್ಞಾನ ಓದಿದ ಓದುಗರಿಗೆ ‘ಯಂಗನ ಜೋಡಿ ಸೀಳು ಪ್ರಯೋಗ’ ಎಂದರೆ ನೆನಪಾದೀತು. ನಾನು ಕಾಮರ್ಸ್, ನನಗೆ ಅದನ್ನು ಕಲಿಸಿದ್ದು ಮಗಳು.

ಈ ಅಲೆಯ ವಿಚಾರ ಭೌತಶಾಸ್ತ್ರದ ಕೋಣೆಯಲ್ಲಿ ಕೂತವನಿಗೆ ಹೊಳೆದದ್ದಲ್ಲ. ಕೊಳಲು ಕಲಿತ, ಗಂಟಲಿನ ರಚನೆ ಓದಿದ ಒಬ್ಬ ವೈದ್ಯನಿಗೆ ಹೊಳೆದದ್ದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಒಂದು ಇಲಾಖೆಯ ಸರಕು ಇನ್ನೊಂದು ಇಲಾಖೆಗೆ ವರ್ಗಾವಣೆಯಾಯಿತು. ಹೊರಗಿನವರಿಗೆ ಕಾಣುವುದು ಎರಡನೆಯ ಇಲಾಖೆಯ ಲಾಭ ಮಾತ್ರ.

ಆ ಕಾಲದವರಿಗೆ ಲಾಭವೂ ಕಾಣಲಿಲ್ಲ. ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಎಂಬ ಯುವಕ, ಮುಂದೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದವನು, ಹೆಸರು ಹಾಕದೆ ಯಂಗನನ್ನು ಹಿಗ್ಗಾಮುಗ್ಗಾ ಝಾಡಿಸಿದ. ನ್ಯೂಟನ್ನನಿಗೆ ಅವಮಾನ ಮಾಡಿದ್ದಾನೆಂಬುದು ಮುಖ್ಯ ಆರೋಪ. ಯಂಗ್ ಉತ್ತರವಾಗಿ ಒಂದು ಕಿರುಹೊತ್ತಗೆ ಅಚ್ಚು ಮಾಡಿಸಿದ. ಟಾಂಕಿನ್ ಕೊಲ್ಲಿಯ ಒಂದು ಬಂದರಿನಲ್ಲಿ ಎರಡು ದಾರಿಗಳಿಂದ ಬರುವ ಸಮುದ್ರದ ಉಬ್ಬರಗಳು ಒಂದನ್ನೊಂದು ಅಳಿಸುತ್ತವೆಂದು ಸ್ವತಃ ನ್ಯೂಟನ್ನನೇ ವಿವರಿಸಿದ್ದ. ತಾನು ಬೆಳಕಿಗೆ ಹಚ್ಚಿದ್ದು ಅದೇ ತತ್ವ ಎಂದು ನೆನಪಿಸಿದ. ಆ ಹೊತ್ತಗೆಯ ಒಂದೇ ಒಂದು ಪ್ರತಿ ಮಾರಾಟವಾಯಿತಂತೆ. ಕನ್ನಡದಲ್ಲಿ ಪುಸ್ತಕ ಮಾಡಿಸಿ ಅಟ್ಟದ ಮೇಲಿಟ್ಟವರಿಗೆ ಇದು ಸಮಾಧಾನ ಕೊಡಬಹುದು.

ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ, ಇಲ್ಲದಿದ್ದರೆ ಮುಗಿಯುವುದಿಲ್ಲ. ಕಣ್ಣು ಮೂರು ಮೂಲ ಬಣ್ಣಗಳಿಂದ ಎಲ್ಲ ಬಣ್ಣಗಳನ್ನು ಕಟ್ಟಿಕೊಳ್ಳುತ್ತದೆಂಬ ಊಹೆ ಅವನದು; ಸುಮಾರು ಐವತ್ತು ವರ್ಷಗಳ ನಂತರ ಹೆಲ್ಮ್‌ಹೋಲ್ಟ್ಸ್ ಅದನ್ನು ಧೂಳು ಕೊಡವಿ ಎತ್ತಿದ. ಎಂಜಿನಿಯರುಗಳ ಬಾಯಲ್ಲಿರುವ ‘ಯಂಗ್ಸ್ ಮಾಡ್ಯುಲಸ್’ ಅವನದೇ. ದ್ರವಗಳ ಮೇಲ್ಮೈ ಸೆಳೆತದ ಸೂತ್ರದಲ್ಲಿ ಲಾಪ್ಲಾಸನ ಜೊತೆ ಅವನ ಹೆಸರಿದೆ. ‘ಎನರ್ಜಿ’ ಎಂಬ ಪದವನ್ನು ಭೌತಶಾಸ್ತ್ರದ ಅರ್ಥದಲ್ಲಿ ಬಳಸಿದವನು ಅವನು. ಮಕ್ಕಳಿಗೆ ಎಷ್ಟು ಔಷಧ ಕೊಡಬೇಕೆಂಬುದಕ್ಕೆ ಒಂದು ಸರಳ ಸೂತ್ರ, ಪಿಯಾನೋ ಶ್ರುತಿ ಮಾಡುವ ಒಂದು ಪದ್ಧತಿ, ಕ್ಷಯರೋಗದ ಮೇಲೆ ಒಂದು ಪುಸ್ತಕ. ಇವೆಲ್ಲದರ ನಡುವೆ 1811ರಿಂದ ಸಾಯುವವರೆಗೂ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ. ರೋಗಿಗಳು ‘ಈ ಡಾಕ್ಟರಿಗೆ ನೂರೆಂಟು ಹುಚ್ಚು’ ಎಂದುಕೊಂಡಾರೆಂದು ಹೆದರಿ ಎಷ್ಟೋ ಲೇಖನಗಳಿಗೆ ಹೆಸರೇ ಹಾಕಲಿಲ್ಲ. ಹಲವು ಆಸಕ್ತಿ ಇರುವುದನ್ನು ಮುಚ್ಚಿಡಬೇಕಾದ ಸ್ಥಿತಿ ಇನ್ನೂರು ವರ್ಷಗಳ ಹಿಂದೆಯೂ ಇತ್ತು. ಕೆಲಸಕ್ಕೆ ಅರ್ಜಿ ಹಾಕುವಾಗ ನಾನು ಹಳಗನ್ನಡ, ತಬಲ, ಹಳೆಯ ನಾಣ್ಯಗಳು ಎಲ್ಲವನ್ನೂ ಅಳಿಸಿ ‘ಕ್ರಿಕೆಟ್’ ಎಂದಷ್ಟೇ ಉಳಿಸಿದ್ದು ನೆನಪಾಗುತ್ತದೆ.

ಇನ್ನೊಂದು ಪ್ರಸಂಗ ಹೇಳಲೇಬೇಕು. 1816ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಅರಾಗೋ ಮತ್ತು ಗೇ-ಲುಸಾಕ್, ವರ್ದಿಂಗ್ ಎಂಬ ಕಡಲತೀರದ ಊರಿನಲ್ಲಿದ್ದ ಯಂಗನನ್ನು ನೋಡಲು ಬಂದರು. ತಮ್ಮ ದೇಶದ ಫ್ರೆನೆಲ್ ಎಂಬ ತರುಣ ಬೆಳಕಿನ ಅಲೆಗಳ ಬಗ್ಗೆ ಮಾಡಿದ ಹೊಸ ಪ್ರಯೋಗವನ್ನು ಅರಾಗೋ ಉತ್ಸಾಹದಿಂದ ವಿವರಿಸಿದ. ಯಂಗ್, ಅದು 1807ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳ ಪುಸ್ತಕದಲ್ಲಿದೆಯಲ್ಲ ಎಂದ. ಅತಿಥಿಗಳು ಒಪ್ಪಲಿಲ್ಲ, ಚರ್ಚೆ ಬಿಸಿಯಾಯಿತು. ಅಲ್ಲಿಯವರೆಗೂ ಸುಮ್ಮನೆ ಕೂತಿದ್ದ ಯಂಗನ ಹೆಂಡತಿ ಎಲೈಜಾ ಎದ್ದು ಒಳಗೆ ಹೋದರು. ಪರದೇಶದ ಗಂಡಸರ ಜಗಳ ಸಾಕಾಗಿ ಹೋದರೇನೋ ಎಂದುಕೊಳ್ಳುವಷ್ಟರಲ್ಲಿ ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಮಾತಿಲ್ಲದೆ ಪುಟ ತೆರೆದು, ಚಿತ್ರದ ಮೇಲೆ ಬೆರಳಿಟ್ಟರು. ಇದನ್ನು ಬರೆದಿಟ್ಟವನು ಅರಾಗೋ. ಆ ದಿನ ಕಡತ ಕಾಪಾಡಿದವರು ಎಲೈಜಾ ಎಂದು ಲೆಕ್ಕಿಗನಾದ ನಾನು ಹೇಳಬೇಕು.

ಇಷ್ಟಾದ ಮೇಲೆ ಲಿಪಿಯ ವಿಷಯಕ್ಕೆ ಬರಬಹುದು. ಅದಕ್ಕೂ ದಾರಿ ಬೇರೊಂದು ಕೆಲಸದಿಂದಲೇ. 1813ರಲ್ಲಿ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಗಾಗಿ ಯಂಗ್, ಪ್ರಪಂಚದ ಭಾಷೆಗಳ ಮೇಲಿನ ಒಂದು ಜರ್ಮನ್ ಗ್ರಂಥದ ವಿಮರ್ಶೆ ಬರೆದ. ನೂರಾರು ಭಾಷೆಗಳನ್ನು ಹೋಲಿಸುತ್ತಾ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವು ಸೇರಿದ ಕುಟುಂಬಕ್ಕೆ ‘ಇಂಡೋ-ಯುರೋಪಿಯನ್’ ಎಂಬ ಹೆಸರಿಟ್ಟ. ಇಂದು ಜಗತ್ತೇ ಬಳಸುವ ಹೆಸರು. ಇದಾದ ಮೂರು ವರ್ಷಕ್ಕೆ, 1816ರಲ್ಲಿ, ಮದರಾಸಿನ ಕಲೆಕ್ಟರ್ ಆಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಒಂದು ತೆಲುಗು ವ್ಯಾಕರಣದ ಪೀಠಿಕೆಯಲ್ಲಿ ತೆಲುಗು, ತಮಿಳು, ಕನ್ನಡಗಳ ಬೇರು ಸಂಸ್ಕೃತದಲ್ಲಿಲ್ಲ, ಅವು ತಮ್ಮದೇ ಒಂದು ಕುಟುಂಬ ಎಂದು ತೋರಿಸಿದ. ಹೆಸರಿಟ್ಟ ಒಬ್ಬ ವೈದ್ಯ, ನಮ್ಮ ಮನೆಯನ್ನು ಬೇರೆಯೆಂದು ಗುರುತಿಸಿದ ಒಬ್ಬ ಕಂದಾಯದ ಅಧಿಕಾರಿ. ಇಬ್ಬರಿಗೂ ಭಾಷೆ ಉಪವೃತ್ತಿ.

ಯಂಗ್ ವಿಮರ್ಶಿಸಿದ ಆ ಗ್ರಂಥದಲ್ಲಿ ರೊಸೆಟ್ಟಾ ಶಿಲೆಯ ನಡುವಿನ ಬರಹದಲ್ಲಿ ಮೂವತ್ತಕ್ಕೂ ಸ್ವಲ್ಪ ಹೆಚ್ಚು ಅಕ್ಷರಗಳಿರಬಹುದೆಂಬ ಟಿಪ್ಪಣಿ ಇತ್ತು. ಅದು ಅವನ ತಲೆ ಹೊಕ್ಕಿತು. 1814ರ ಬೇಸಿಗೆಯಲ್ಲಿ ಶಿಲೆಯ ಪ್ರತಿಯನ್ನು ವರ್ದಿಂಗಿಗೆ ಒಯ್ದು ಕೂತ. ಅವನ ಕ್ರಮ ನನ್ನಂಥವನಿಗೆ ಬಹಳ ಪರಿಚಿತ, ನಾವು ಅದನ್ನು ತಾಳೆ ನೋಡುವುದು ಅನ್ನುತ್ತೇವೆ. ಗ್ರೀಕ್‌ನಲ್ಲಿ ‘ರಾಜ’ ಎಷ್ಟು ಸಲ ಬರುತ್ತದೆ, ‘ಟಾಲೆಮಿ’ ಎಷ್ಟು ಸಲ, ‘ಮತ್ತು’ ಎಷ್ಟು ಸಲ. ಡೆಮೋಟಿಕ್‌ನಲ್ಲಿ ಸುಮಾರು ಅಷ್ಟೇ ಸಲ, ಸುಮಾರು ಅದೇ ಅಂತರದಲ್ಲಿ ಬರುವ ಗುಂಪು ಯಾವುದು. ಬ್ಯಾಂಕ್ ಪಾಸ್‌ಬುಕ್ಕಿಗೂ ನಮ್ಮ ಪುಸ್ತಕಕ್ಕೂ ಟಿಕ್ ಹಾಕುತ್ತಾ ಹೋದ ಹಾಗೆ. ಹೀಗೆ ಹೋಗಿ ಎರಡು ದೊಡ್ಡ ಸಂಗತಿ ಕಂಡ. ಒಂದು, ಮೋಡಿಯಂತಿರುವ ಡೆಮೋಟಿಕ್ ಬೇರೆ ಲಿಪಿಯಲ್ಲ, ಚಿತ್ರಲಿಪಿಯೇ ಸವೆದು ಸವೆದು ಆದದ್ದು, ಅದರಲ್ಲಿ ಅಕ್ಷರಗಳೂ ಸಂಕೇತಗಳೂ ಬೆರೆತಿವೆ. ಎರಡು, ಚಿತ್ರಲಿಪಿಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗಿರುವುದು ರಾಜನ ಹೆಸರು, ಅಲ್ಲಿ ಚಿತ್ರಗಳು ಉಚ್ಚಾರಣೆಯನ್ನು ಸೂಚಿಸುತ್ತವೆ. ಟಾಲೆಮಿಯ ಹೆಸರಿನ ಪ, ತ, ಮ ಮುಂತಾದ ಕೆಲವನ್ನು ಸರಿಯಾಗಿ, ಕೆಲವನ್ನು ಅರೆಬರೆಯಾಗಿ ಗುರುತಿಸಿದ. 1819ರಲ್ಲಿ ಬ್ರಿಟಾನಿಕಾ ವಿಶ್ವಕೋಶದ ಪುರವಣಿಗೆ ‘ಈಜಿಪ್ಟ್’ ಎಂಬ ಲೇಖನ ಬರೆದು, ಇನ್ನೂರಕ್ಕೂ ಹೆಚ್ಚು ಪದಗಳ ಪಟ್ಟಿಯನ್ನೂ ಕೊಟ್ಟ. ಅದಕ್ಕೂ ಹೆಸರು ಹಾಕಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಹೋಗಲಾಗಲಿಲ್ಲ. ಚಿತ್ರಗಳನ್ನು ಉಚ್ಚಾರಣೆಗೆ ಬಳಸಿದ್ದು ಟಾಲೆಮಿಯಂಥ ಗ್ರೀಕ್ ಹೆಸರುಗಳಿಗೆ ಮಾತ್ರ, ಉಳಿದದ್ದೆಲ್ಲ ಬರೀ ಸಂಕೇತ ಎಂದು ಅವನು ನಂಬಿದ್ದ. ಈ ಗೋಡೆಯನ್ನು ತಾಳೆ ನೋಡುವುದರಿಂದ ಒಡೆಯುವುದು ಸಾಧ್ಯವಿರಲಿಲ್ಲ. ಅದಕ್ಕೆ ಭಾಷೆಯೊಳಗೆ ಬದುಕಿದವನೇ ಬೇಕಿತ್ತು.

ಜಾನ್ ಫ್ರಾನ್ಸ್ವಾ ಶಾಂಪೋಲಿಯನ್ ಹಾಗೆ ಬದುಕಿದ್ದ. 1790ರಲ್ಲಿ ಹುಟ್ಟಿದವನು, ಯಂಗನಿಗಿಂತ ಹದಿನೇಳು ವರ್ಷ ಚಿಕ್ಕವನು. ಹದಿನೆಂಟಕ್ಕೆ ಗ್ರೆನೋಬಲ್‌ನಲ್ಲಿ ಚರಿತ್ರೆಯ ಅಧ್ಯಾಪಕ. ಹಳೆಯ ಈಜಿಪ್ಟಿನ ಮಾತಿನ ಕೊನೆಯ ಕುಡಿಯಾದ ಕಾಪ್ಟಿಕ್ ಅಲ್ಲಿನ ಕ್ರೈಸ್ತರ ಪೂಜೆಯಲ್ಲಿ ಉಳಿದುಕೊಂಡಿತ್ತು. ಅವನು ಅದರಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದನಂತೆ. 1822ರಲ್ಲಿ ಒಂದು ಚೌಕಟ್ಟಿನೊಳಗೆ ಸೂರ್ಯನ ವೃತ್ತವನ್ನು ನೋಡಿದಾಗ ಕಾಪ್ಟಿಕ್‌ನಲ್ಲಿ ಸೂರ್ಯ ‘ರೇ’ ಎಂಬುದು ಅವನಿಗೆ ಯೋಚಿಸದೆಯೇ ಬಂತು. ಕೊನೆಯ ಎರಡು ಗುರುತುಗಳು ‘ಸ’ ಎಂದು ಗೊತ್ತಿತ್ತು. ನಡುವಿನದು ‘ಹುಟ್ಟು’ ಎಂಬರ್ಥದ ‘ಮಸ್’ ಆದರೆ ರೇ-ಮಸ್-ಸ್, ರಾಮೆಸೆಸ್! ಗ್ರೀಕರು ಬರುವುದಕ್ಕೆ ಸಾವಿರ ವರ್ಷ ಹಿಂದಿನ ಈಜಿಪ್ಟಿನದೇ ರಾಜ. ಅಂದರೆ ಈ ಲಿಪಿ ಮೊದಲಿನಿಂದಲೂ ಉಚ್ಚಾರಣೆಯನ್ನು ಹೊತ್ತುಕೊಂಡೇ ಬಂದಿತ್ತು. ಬೀಗ ತೆರೆಯಿತು.

ಆ ಸೆಪ್ಟೆಂಬರ್ 27ರಂದು ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಶಾಂಪೋಲಿಯನ್ ತನ್ನ ಪತ್ರ ಓದಿದಾಗ, ಕೇಳುತ್ತಾ ಕೂತವರಲ್ಲಿ ಯಂಗನೂ ಇದ್ದ. ಎರಡು ದಿನದ ಮೇಲೆ ಗೆಳೆಯನಿಗೆ ಬರೆದ ಕಾಗದದಲ್ಲಿ, ಕೀಲಿಕೈ ಇಂಗ್ಲೆಂಡಿನದೇ ಇರಬಹುದು, ಆದರೆ ಬೀಗ ಎಷ್ಟು ತುಕ್ಕು ಹಿಡಿದಿತ್ತೆಂದರೆ ಸಾಮಾನ್ಯರ ತೋಳಿಗೆ ತಿರುಗುತ್ತಿರಲಿಲ್ಲ ಎಂಬ ಅರ್ಥದ ಮಾತು ಬರೆದಿದ್ದಾನೆ. ಮೆಚ್ಚುಗೆಯೂ ಚುರುಕೂ ಎರಡೂ ಇರುವ ಮಾತು. ತನಗೆ ಸಲ್ಲಬೇಕಾದ ಪಾಲನ್ನು ಶಾಂಪೋಲಿಯನ್ ಕೊಡಲಿಲ್ಲವೆಂಬ ನೋವು ಅವನಿಗಿತ್ತು, ಮರುವರ್ಷ ಒಂದು ಪುಸ್ತಕದಲ್ಲಿ ಅದನ್ನು ಹೇಳಿಯೂ ಇದ್ದಾನೆ. ಎರಡು ದೇಶದವರು ಇಂದಿಗೂ ಈ ಬಗ್ಗೆ ಜಗಳವಾಡುತ್ತಾರೆ. ನನಗೆ ಕಾಣುವಂತೆ ಶಾಂಪೋಲಿಯನ್ ಸಾಲವನ್ನು ಪೂರ್ತಿ ಒಪ್ಪಿಕೊಳ್ಳಲಿಲ್ಲ, ಹಾಗೆಯೇ ಯಂಗ್ ಸಾಲದ ಮೊತ್ತವನ್ನು ಸ್ವಲ್ಪ ಹೆಚ್ಚಾಗಿಯೇ ಬರೆದುಕೊಂಡ.

ಹಾಗಾದರೆ ಗೈಡ್ ಹೇಳುವುದು ಸರಿಯೇ? ಇದೊಂದಕ್ಕೇ ಅಂಟಿಕೊಂಡಿದ್ದರೆ ಯಂಗ್ ಗೆಲ್ಲುತ್ತಿದ್ದನೆ? ನನಗೆ ಹಾಗೆನಿಸುವುದಿಲ್ಲ. ಇದೊಂದಕ್ಕೇ ಅಂಟಿಕೊಳ್ಳುವ ಮನುಷ್ಯನಾಗಿದ್ದರೆ ಅವನು ಆ ಜರ್ಮನ್ ಗ್ರಂಥವನ್ನು ಓದುತ್ತಲೇ ಇರಲಿಲ್ಲ. ಲಿಪಿಯನ್ನು ಗಣಿತದ ಸಮಸ್ಯೆಯಂತೆ ನೋಡುವ ಕಣ್ಣೂ ಇರುತ್ತಿರಲಿಲ್ಲ. ಶಾಂಪೋಲಿಯನ್ನನಿಗೆ ಮೊದಲ ಹಿಡಿತ ಸಿಕ್ಕಿದ್ದರಲ್ಲಿ ಯಂಗನ ಪಾಲಿದೆ ಎಂದು ಒಪ್ಪುವುದಾದರೆ, ಒಂದೇ ಧ್ಯಾನದವನ ಗೆಲುವಿನಲ್ಲಿ ಹತ್ತು ಕಟ್ಟಿದವನ ಬಂಡವಾಳವೂ ಸೇರಿದೆ. ಈ ಬಗ್ಗೆ ಯಂಗನಿಗೇ ಒಂದು ಅಭಿಪ್ರಾಯವಿತ್ತು. ಕೆಲವರು ಇಕ್ಕಟ್ಟಾದ ಜಾಗದಲ್ಲಿ ಆಳವಾಗಿ ಅಗೆಯುವುದು, ಇನ್ನು ಕೆಲವರು ವಿಶಾಲವಾದ ಬಯಲನ್ನು ಬೇಗ ಬೇಗ ಸುತ್ತಿ ಬರುವುದು ಮನುಷ್ಯಕುಲಕ್ಕೆ ಒಳ್ಳೆಯದೆಂದು ಗೆಳೆಯನೊಬ್ಬನಿಗೆ ಬರೆದಿದ್ದ.

ಖರ್ಚಿನ ಬದಿಯನ್ನೂ ಬರೆಯಬೇಕು, ಇಲ್ಲದಿದ್ದರೆ ಆಡಿಟ್ ಆಗುವುದಿಲ್ಲ. ಅವನ ವೈದ್ಯ ವೃತ್ತಿ ಅಂಥ ದೊಡ್ಡದಾಗಿ ಬೆಳೆಯಲಿಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎರಡು ವರ್ಷ ಉಪನ್ಯಾಸ ಕೊಟ್ಟಾಗ ಜನಕ್ಕೆ ಅರ್ಥವಾಗಲಿಲ್ಲ. ಹತ್ತು ವಿಷಯ ತಿಳಿದವನು ಒಂದೊಂದನ್ನೂ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ. 1818ರಿಂದ ನಾವಿಕ ಪಂಚಾಂಗದ ಉಸ್ತುವಾರಿ ಅವನದಾಯಿತು. ಅದರಲ್ಲಿ ಖಗೋಳಜ್ಞರಿಗೆ ಬೇಕಾದ ಕೋಷ್ಟಕಗಳನ್ನು ಸೇರಿಸುತ್ತಿಲ್ಲವೆಂದು ಅವರು ವರ್ಷಗಟ್ಟಲೆ ಕೂಗಾಡಿದರು. ಹಡಗಿನವರಿಗೆ ಇಷ್ಟು ಸಾಕು ಎಂದು ಅವನು ಜಗ್ಗಲಿಲ್ಲ. ಬೆಳಕಿನ ವಿಷಯದಲ್ಲೂ ಗಣಿತವನ್ನು ಕೊನೆ ಮುಟ್ಟಿಸಿ ಜಗತ್ತನ್ನು ಒಪ್ಪಿಸಿದವನು ಫ್ರೆನೆಲ್. ಯಂಗನ ಖಾತೆಯ ತುಂಬ ಮುಗಿಯದ ಕಾಮಗಾರಿ. ಆದರೆ ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ವಿಚಿತ್ರವಿದೆ. ಒಂದು ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ತನ್ನ ಆಸ್ತಿಪಟ್ಟಿಯಲ್ಲಿ ತೋರಿಸುವಂತಿಲ್ಲ. ಬೇರೊಬ್ಬರು ಬೆಲೆ ಕೊಟ್ಟು ಕೊಂಡಾಗ ಮಾತ್ರ ಅದು ಅವರ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಯಂಗನ ಆಸ್ತಿ ಫ್ರೆನೆಲ್, ಹೆಲ್ಮ್‌ಹೋಲ್ಟ್ಸ್, ಶಾಂಪೋಲಿಯನ್ನರ ಪುಸ್ತಕಗಳಲ್ಲಿದೆ.

ಕನ್ನಡಿಗರಿಗೆ ಇಂಥವರು ಅಪರಿಚಿತರಲ್ಲ. ಶಿವರಾಮ ಕಾರಂತರು ಕಾದಂಬರಿಯಷ್ಟೇ ಬರೆದುಕೊಂಡಿದ್ದರೆ ಸಾಕಿತ್ತೆಂದು ಯಾರಾದರೂ ಹೇಳಿಯಾರೆ? ಒಬ್ಬರೇ ಕೂತು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಯಕ್ಷಗಾನದ ಬೆನ್ನು ಹತ್ತಿ ಅಲೆದರು. ಕೇಂದ್ರ ಸಾಹಿತ್ಯ ಅಕಾಡೆಮಿ 1959ರಲ್ಲಿ ಅವರಿಗೆ ಪ್ರಶಸ್ತಿ ಕೊಟ್ಟದ್ದು ‘ಯಕ್ಷಗಾನ ಬಯಲಾಟ’ಕ್ಕೆ, ಕಾದಂಬರಿಗಲ್ಲ. ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಇನ್ನೊಂದು ಕಡೆ ಕಿಟೆಲ್ ಇದ್ದಾರೆ. 1894ರಲ್ಲಿ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹತ್ತು ಕಡೆ ಕೈ ಹಾಕುವವರಿಂದ ಆಗುವ ಕೆಲಸವಲ್ಲ. ನನ್ನ ಕಪಾಟಿನಲ್ಲಿ ಇಬ್ಬರೂ ಅಕ್ಕಪಕ್ಕ ಇದ್ದಾರೆ, ಯಾರನ್ನು ತೆಗೆಯಲಿ?

ನನ್ನದು ಯಂಗನ ಮಟ್ಟವೂ ಅಲ್ಲ, ಕಾರಂತರ ಮಟ್ಟವೂ ಅಲ್ಲ. ಬುದ್ಧಿ ಸಾಧಾರಣವಾಗಿದ್ದವರು ಹತ್ತು ಕಡೆ ಕೈ ಹಾಕಿದರೆ ಏನಾಗುತ್ತದೆ ಎಂಬುದು ನಿಜವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ. ಈ ಕೆಲಸದಲ್ಲಿ ಒಂದು ವಾರ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ, ಮರುವಾರ ನರ್ಸಿಂಗ್ ಹೋಮ್, ಅದರ ಮರುವಾರ ಮೀನು ಆಮದು ಮಾಡುವವರು. ಲೆಕ್ಕದಲ್ಲಿ ಎಲ್ಲಿ ಹೊಗೆಯಾಡುತ್ತಿದೆ ಎಂದು ಮೂಗಿಗೆ ಹತ್ತುವುದು ಲೆಕ್ಕದ ಪುಸ್ತಕದಿಂದ ಮಾತ್ರ ಬರಲಿಲ್ಲ. ನಮ್ಮ ತಂದೆಯವರಿಗೂ ಬಿಚ್ಚಿದ ರೇಡಿಯೊ ಮುಂದೆ ಕೂತಾಗ, ರೋಗಿಯ ಮಾತು ಕೇಳುವಾಗ ಇದ್ದದ್ದು ಒಂದೇ ತಾಳ್ಮೆ. ಅದರಿಂದ ದುಡ್ಡಾಗಲಿಲ್ಲ, ಹೆಸರಾಗಲಿಲ್ಲ. ನಿವೃತ್ತಿಯ ನಂತರದ ಇಪ್ಪತ್ತು ವರ್ಷ ಅವರಿಗೆ ಒಂದು ಸಂಜೆಯೂ ಬೇಸರವಾಗಲಿಲ್ಲ ಎಂಬುದನ್ನು ಮಾತ್ರ ನಾನು ಪ್ರಮಾಣೀಕರಿಸಿ ಸಹಿ ಹಾಕಬಲ್ಲೆ.

ಮಗಳು ಕೊನೆಗೆ ಭೌತಶಾಸ್ತ್ರ, ಚರಿತ್ರೆ, ಸಂಗೀತ ಎಂದು ಬರೆದುಕೊಟ್ಟಳು. ಈ ಮೂರು ಒಟ್ಟಿಗೆ ಹೋಗುವುದಿಲ್ಲ ಎಂದು ಇಬ್ಬರು ಹೇಳಿದರು. ತಂಬೂರಿಯ ಶ್ರುತಿಯಿಂದ ಬೆಳಕಿಗೆ ಹೋದವನ ಕಥೆಯನ್ನು ಅವಳು ಅವರಿಗೆ ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ. ಲ್ಯಾಟಿನ್ ಪುಸ್ತಕಗಳು ಅವಳ ಮೇಜಿನ ಮೇಲೆ ಹಾಗೇ ಇವೆ.

ಯಂಗನ ಕೊನೆಯ ವರ್ಷಗಳ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. 1824ರಲ್ಲಿ ಪಲ್ಲಾಡಿಯನ್ ಎಂಬ ವಿಮಾ ಕಂಪನಿ ಅವನನ್ನು ತನ್ನ ಲೆಕ್ಕಾಚಾರಗಳ ಪರಿವೀಕ್ಷಕನನ್ನಾಗಿ ನೇಮಿಸಿಕೊಂಡಿತು. ಬೆಳಕನ್ನೂ ಲಿಪಿಯನ್ನೂ ಬಿಡಿಸಲು ಹೊರಟವನು ಐವತ್ತು ದಾಟಿದ ಮೇಲೆ ನಮ್ಮ ಜಾತಿಗೆ ಬಂದ! ಅದನ್ನೂ ಬರೀ ಸಂಬಳದ ಕೆಲಸವೆಂದು ಬಿಡದೆ, ವಯಸ್ಸಾದಂತೆ ಸಾವಿನ ಪ್ರಮಾಣ ಹೇಗೆ ಬದಲಾಗುತ್ತದೆಂಬುದಕ್ಕೆ ಒಂದು ಸೂತ್ರ ಹುಡುಕಿ 1826ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟ. ಈಜಿಪ್ಟನ್ನೂ ಬಿಟ್ಟಿರಲಿಲ್ಲ, ಚಿತ್ರಲಿಪಿಯನ್ನು ಶಾಂಪೋಲಿಯನ್ನನಿಗೆ ಒಪ್ಪಿಸಿ, ತಾನು ಮೋಡಿಯಂಥ ಆ ಡೆಮೋಟಿಕ್ ಬರಹದ ನಿಘಂಟಿಗೆ ಕೂತಿದ್ದ. 1828ರಲ್ಲಿ ಮತ್ತೆ ಪ್ಯಾರಿಸ್ಸಿಗೆ ಹೋದಾಗ ಶಾಂಪೋಲಿಯನ್ ಹಳೆಯದನ್ನು ಮರೆತವನಂತೆ ಗಂಟೆಗಟ್ಟಲೆ ಜೊತೆಗೆ ಕೂತು ತನ್ನ ಟಿಪ್ಪಣಿಗಳನ್ನು ತೋರಿಸಿದ. ಮರುವರ್ಷದ ವಸಂತದಲ್ಲಿ ಯಂಗ್ ಹಾಸಿಗೆ ಹಿಡಿದ. ಪೆನ್ನು ಹಿಡಿಯುವಷ್ಟು ಶಕ್ತಿ ಇರಲಿಲ್ಲ, ಪೆನ್ಸಿಲಿನಲ್ಲಿ ನಿಘಂಟಿನ ಕರಡು ತಿದ್ದುತ್ತಿದ್ದ. ಕೆಲಸ ಬಿಡು, ಆಯಾಸವಾಗುತ್ತದೆ ಎಂದ ಗೆಳೆಯನಿಗೆ ಇದು ತನಗೆ ಆಯಾಸವಲ್ಲ, ಮನರಂಜನೆ ಎಂಬರ್ಥದ ಉತ್ತರ ಕೊಟ್ಟನಂತೆ. 1829ರ ಮೇ 10ರಂದು ತೀರಿಕೊಂಡಾಗ ಅವನಿಗೆ 55. ನಿಘಂಟು ಅವನು ಹೋದ ಮೇಲೆ ಅಚ್ಚಾಗಿ ಬಂತು.